‘ಯಾವ ಗೊಲ್ಲರಹಟ್ಟಿ ಸರ್?’: ತುರ್ತು ಕರೆಯಲ್ಲಿ ಕೇಳುವ ಪ್ರಶ್ನೆಗಳ ಬಗ್ಗೆ

ತೋಟದಮನೆ (ಬಟವಾಡಿ, ತುಮಕೂರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ದೂರು ಹೇಳುವ ಉದ್ದೇಶ ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಆದರೆ ವಿಷಯ ತಿಳಿದವರು ಯಾರಾದರೂ ಬಿಡಿಸಿ ಹೇಳಲಿ ಎಂಬುದು ಮುಖ್ಯ ಆಸೆ.

ನನ್ನ ತಂದೆ ತಾಯಿ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹೋಬಳಿಯಲ್ಲಿ ನಮ್ಮ ತೋಟದ ಮನೆಯಲ್ಲೇ ಇದ್ದಾರೆ. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಅಮ್ಮ ಫೋನ್ ಮಾಡಿ, ಅಪ್ಪನಿಗೆ ಎದೆ ಹಿಡಿದುಕೊಂಡಿದೆ, ಮೈಯೆಲ್ಲ ಬೆವರಿ ಅಂಗಿ ಒದ್ದೆಯಾಗಿದೆ ಎಂದರು. ನಾನು ತುಮಕೂರಿನಿಂದಲೇ ತುರ್ತು ಸಂಖ್ಯೆಗೆ ಕರೆ ಮಾಡಿದೆ. ಕರೆ ತೆಗೆದ ಹೆಣ್ಣುಮಗಳು ಸೌಜನ್ಯದಿಂದಲೇ ಮಾತನಾಡಿದರು. ಆದರೆ ಪ್ರಶ್ನೆಯ ಮೇಲೆ ಪ್ರಶ್ನೆ. ರೋಗಿ ಎಲ್ಲಿದ್ದಾರೆ, ನೀವು ಅವರ ಪಕ್ಕದಲ್ಲಿದ್ದೀರಾ, ವಯಸ್ಸೆಷ್ಟು, ಎಚ್ಚರವಿದ್ದಾರಾ, ಉಸಿರಾಟ ಹೇಗಿದೆ, ಮೊದಲು ಹೀಗಾಗಿತ್ತಾ. ‘ನಮ್ಮೂರ ಗೊಲ್ಲರಹಟ್ಟಿ ದಾಟಿದ ಮೇಲೆ ಎಡಕ್ಕೆ’ ಎಂದು ನಾನು ದಾರಿ ಹೇಳಿದರೆ, ‘ಯಾವ ಗೊಲ್ಲರಹಟ್ಟಿ ಸರ್?’ ಎಂದು ಎರಡು ಸಲ ಕೇಳಿದರು. ಅಷ್ಟು ಹೊತ್ತಿಗೆ ನಾನು ರೇಗಿ, ‘ಮೊದಲು ಗಾಡಿ ಕಳಿಸಿ ತಾಯಿ, ಆಮೇಲೆ ಪರೀಕ್ಷೆ ಮಾಡಿ’ ಎಂದು ಕೂಗಿದೆ. ಆಮೇಲೆ ಫೋನಿನಲ್ಲಿ ನೋಡಿದಾಗ ಆ ಕರೆ 3 ನಿಮಿಷ 40 ಸೆಕೆಂಡು ನಡೆದಿತ್ತು. ನನಗೆ ಅದು ಕಾಲು ಗಂಟೆಯಂತೆ ಅನಿಸಿತ್ತು. ವಾಹನ ಬಂದದ್ದು ಅರ್ಧ ಗಂಟೆ ಕಳೆದ ಮೇಲೆ.

ಅಪ್ಪ ಈಗ ಚೇತರಿಸಿಕೊಂಡಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಮೊಬೈಲಿನಲ್ಲಿ ಊಟ ತರಿಸಿದರೆ ಹುಡುಗ ನೇರವಾಗಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಸರ್ಕಾರದ ತುರ್ತು ವ್ಯವಸ್ಥೆಗೆ ಮಾತ್ರ ನಾನು ಎಲ್ಲಿದ್ದೇನೆ ಎಂಬುದು ಏಕೆ ಕಾಣುವುದಿಲ್ಲ? ಎದೆನೋವು ಎಂದ ಮೇಲೆ ಇನ್ನೇನು ತಿಳಿಯಬೇಕಿತ್ತು?

ಹೆದ್ದಾರಿ48 (ಕ್ಯಾತ್ಸಂದ್ರ)

ನಿಮ್ಮ ತಂದೆಯವರು ಗುಣಮುಖರಾಗಿರುವುದು ಸಂತೋಷದ ವಿಷಯ. ನನಗೂ ಇದೇ ಅನುಭವವಾಗಿದೆ. ಪ್ರಶ್ನೆ ಕೇಳುವವರಿಗೆ ನಮ್ಮ ಜಿಲ್ಲೆಯ ಭೂಗೋಳವೇ ತಿಳಿದಿರುವುದಿಲ್ಲ. ಠಾಣೆಗೆ ಅಥವಾ ಆಸ್ಪತ್ರೆಗೆ ನೇರವಾಗಿ ಫೋನ್ ಮಾಡುವುದೇ ವಾಸಿ ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ದಿನವಾಯಿತು.

ಹಳೆಯ ಹೆಡ್‌ಸೆಟ್ (ಸಿರಾ)

ನಾನು ಇಂತಹ ಒಂದು ಕೇಂದ್ರದಲ್ಲಿ ನಾಲ್ಕು ವರ್ಷ ಕರೆ ತೆಗೆಯುವ ಕೆಲಸ ಮಾಡಿ, ಈಗ ಬೇರೆ ಉದ್ಯೋಗದಲ್ಲಿದ್ದೇನೆ. ಯಾವ ಕೇಂದ್ರ ಎಂಬುದನ್ನು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಕೆಲಸದ ಕ್ರಮ ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ. ತೋಟದಮನೆಯವರ ಎರಡು ಪ್ರಶ್ನೆಗಳಿಗೂ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ಮೊದಲು, ಆ ಕರೆ ಎಲ್ಲಿಗೆ ಹೋಗುತ್ತದೆ ಎಂಬುದು. ನೀವು 112 ಒತ್ತಿದರೆ ಗುಬ್ಬಿಯ ಠಾಣೆಯಲ್ಲಾಗಲಿ ತುಮಕೂರಿನಲ್ಲಾಗಲಿ ಫೋನ್ ರಿಂಗಾಗುವುದಿಲ್ಲ. ಇಡೀ ರಾಜ್ಯದ ಕರೆಗಳು ಬೆಂಗಳೂರಿನ ಕೇಂದ್ರಕ್ಕೆ ಸೇರುತ್ತವೆ. ಅಲ್ಲಿ ಕರೆ ತೆಗೆಯುವವರು ಬೇರೆ, ವಾಹನ ಕಳಿಸುವವರು ಬೇರೆ. ತೆಗೆದವರು ನಿಮ್ಮ ಮಾತನ್ನು ಟೈಪ್ ಮಾಡಿ ಒಂದು ಪ್ರಕರಣವನ್ನಾಗಿ ದಾಖಲಿಸಿದರೆ, ಅದು ವಾಹನ ಕಳಿಸುವವರ ಪರದೆಗೂ ಜಿಲ್ಲೆಯ ನಿಯಂತ್ರಣ ಕೊಠಡಿಗೂ ಹೋಗಿ, ಅಲ್ಲಿಂದ ವಾಹನದಲ್ಲಿರುವ ಟ್ಯಾಬ್‌ಗೆ ತಲುಪುತ್ತದೆ. 2008ರ ನವೆಂಬರ್‌ನಿಂದ ನಡೆಯುತ್ತಿರುವ 108ರ ಕರೆಗಳೂ ಹಳ್ಳಿಯ ಆಸ್ಪತ್ರೆಗೆ ಹೋಗದೆ ಬೆಂಗಳೂರಿನ ಕೇಂದ್ರಕ್ಕೇ ಹೋಗುತ್ತವೆ. ಆದ್ದರಿಂದ ‘ಡೈರಿ ಪಕ್ಕದ ಮನೆ’ ಎಂದರೆ ಊರಿನ ಹುಡುಗನಿಗೆ ತಿಳಿದಂತೆ ಅಲ್ಲಿ ಕುಳಿತವರಿಗೆ ತಿಳಿಯಲು ಸಾಧ್ಯವಿಲ್ಲ. ಕರೆ ತೆಗೆದವರು ಸ್ಥಳೀಯರೇ ಎಂದು ಭಾವಿಸಿ ಜನ ಮಾತನಾಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಇನ್ನು ಪ್ರಶ್ನೆಗಳಿಂದ ವಾಹನ ತಡವಾಯಿತು ಎಂಬ ಮಾತು. ನಾನಿದ್ದ ಕಡೆ ಸ್ಥಳ ಖಚಿತವಾಗಿ, ತೊಂದರೆ ಏನೆಂಬುದು ಒಂದು ಸಾಲಿನಲ್ಲಿ ತಿಳಿದ ಕೂಡಲೇ ಪಕ್ಕದವರು ಹತ್ತಿರದ ವಾಹನವನ್ನು ಎಬ್ಬಿಸುತ್ತಿದ್ದರು. ಉಳಿದ ಪ್ರಶ್ನೆಗಳನ್ನು ನಾನು ಕೇಳುತ್ತಿದ್ದ ಹೊತ್ತಿಗೆ ಪೈಲಟ್ ಗಾಡಿಯನ್ನು ರಸ್ತೆಗೆ ತಂದಿರುತ್ತಿದ್ದ. (108ರ ವಲಯದಲ್ಲಿ ಚಾಲಕನನ್ನು ಪೈಲಟ್ ಎಂದೂ, ಜೊತೆಯಲ್ಲಿರುವ ಶುಶ್ರೂಷಕರನ್ನು ಇಎಂಟಿ ಎಂದೂ ಕರೆಯುತ್ತಾರೆ.) ವಯಸ್ಸು, ಎಚ್ಚರ, ಉಸಿರಾಟ, ಹಳೆಯ ಕಾಯಿಲೆ ಇವೆಲ್ಲ ಇಎಂಟಿಗೆ ಬೇಕಾದ ವಿವರಗಳು. ಬಾಗಿಲಿನಲ್ಲಿ ಇಳಿಯುವ ಮೊದಲೇ ಆಮ್ಲಜನಕವನ್ನು ಸಿದ್ಧಮಾಡಿಕೊಳ್ಳಬೇಕೇ, ಸ್ಟ್ರೆಚರ್ ಎಳೆದುಕೊಂಡು ತೋಟದೊಳಗೆ ನಡೆಯಬೇಕೇ ಎಂಬುದನ್ನು ಅವು ತೀರ್ಮಾನಿಸುತ್ತವೆ.

ಇನ್ನು ‘ಉಸಿರಾಟ ಹೇಗಿದೆ’ ಎಂಬ ಒಂದು ಪ್ರಶ್ನೆಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಹೃದಯ ನಿಂತ ಮನುಷ್ಯ ಕೆಲವು ನಿಮಿಷಗಳ ಕಾಲ ಬಾಯಿ ತೆರೆದು, ಬಿಟ್ಟು ಬಿಟ್ಟು ಗೊರ ಗೊರ ಎಂದು ಉಸಿರೆಳೆಯುತ್ತಿರಬಹುದು. ಮನೆಯವರು ಅದನ್ನು ನೋಡಿ ‘ಉಸಿರಾಡುತ್ತಿದ್ದಾರೆ, ಗೊರಕೆ ಹೊಡೆಯುತ್ತಿದ್ದಾರೆ’ ಎನ್ನುತ್ತಾರೆ. ಅದು ಉಸಿರಾಟವೇ ಅಲ್ಲ. ಎಬ್ಬಿಸಿದರೆ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ, ಆ ಕ್ಷಣದಿಂದಲೇ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಿಗಾದರೆ ಎರಡು ಅಂಗುಲದಷ್ಟು ಆಳಕ್ಕೆ ಒತ್ತಬೇಕಾಗುತ್ತದೆ. ವಾಹನ ಎಷ್ಟೇ ಹತ್ತಿರವಿದ್ದರೂ ಆ ಕೆಲಸವನ್ನು ಮಾಡಲು ಸಾಧ್ಯವಿರುವುದು ಪಕ್ಕದಲ್ಲಿ ನಿಂತವರಿಗೆ ಮಾತ್ರ. ‘ನೀವು ಅವರ ಪಕ್ಕದಲ್ಲಿದ್ದೀರಾ’ ಎಂದು ಆಕೆ ಕೇಳಿದ್ದು ಬಹುಶಃ ಅದಕ್ಕೇ.

ಊಟ ತರುವ ಹುಡುಗನ ಹೋಲಿಕೆಯನ್ನು ನಾನು ದಿನಕ್ಕೆ ಹತ್ತು ಸಲವಾದರೂ ಕೇಳಿದ್ದೇನೆ. ಆ ಆ್ಯಪ್ ನಿಮ್ಮ ಅನುಮತಿ ಪಡೆದು, ಇಂಟರ್‌ನೆಟ್ ಮೂಲಕ, ಉಪಗ್ರಹದ ನೆರವಿನಿಂದ ಗುರುತಿಸಿದ ಜಾಗವನ್ನು ಕಳಿಸುತ್ತದೆ. ಅದೂ ಸಾಲದೆ ನೀವೇ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿರುತ್ತೀರಿ. ಬರೀ ಮಾತಿನ ಕರೆ ಬಂದಾಗ ಕೇಂದ್ರಕ್ಕೆ ಸುಲಭವಾಗಿ ಸಿಗುವುದು ನೀವು ಯಾವ ಮೊಬೈಲ್ ಗೋಪುರದ ವ್ಯಾಪ್ತಿಯಲ್ಲಿದ್ದೀರಿ ಎಂಬುದು. ಪಟ್ಟಣದಲ್ಲಿ ಗೋಪುರಗಳು ಒತ್ತೊತ್ತಾಗಿರುವುದರಿಂದ ಆ ವ್ಯಾಪ್ತಿ ಚಿಕ್ಕದು. ಹಳ್ಳಿಯ ಕಡೆ ಒಂದು ಗೋಪುರ ಹಲವು ಕಿಲೋಮೀಟರ್‌ಗಳನ್ನು ನೋಡಿಕೊಳ್ಳುತ್ತದೆ. ಅಷ್ಟರಲ್ಲಿ ನಾಲ್ಕು ಊರು, ಎರಡು ಕೆರೆ, ಐವತ್ತು ತೋಟಗಳಿರುತ್ತವೆ.

ನಿಮ್ಮ ವಿಷಯದಲ್ಲಂತೂ ಅದೂ ಉಪಯೋಗಕ್ಕೆ ಬಾರದು. ಕರೆ ಮಾಡಿದವರು ನೀವು, ಇದ್ದದ್ದು ಬಟವಾಡಿಯಲ್ಲಿ. ಪರದೆ ತೋರಿಸಿದ್ದರೂ ಬಟವಾಡಿಯನ್ನೇ ತೋರಿಸಿರುತ್ತದೆ. ಆಕೆ ಪ್ರಶ್ನೆ ಕೇಳದೆ ಪರದೆಯನ್ನೇ ನಂಬಿದ್ದರೆ ವಾಹನ ನಿಮ್ಮ ತಂದೆಯವರ ಬಳಿಗೆ ಹೋಗದೆ ನಿಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿತ್ತು.

ತೋಟದಮನೆ

ಹೆಡ್‌ಸೆಟ್ ಅವರೇ, ಕೊನೆಯ ಮಾತನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದು ನನಗೆ ಹೊಳೆದೇ ಇರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಗಾಡಿ ಹೊರಟಿದೆ ಎಂಬುದನ್ನು ಆಕೆ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ನಾನು ಕೂಗುತ್ತಲೇ ಇರಲಿಲ್ಲ. ಹೊರಟಿದೆಯೋ ಇಲ್ಲವೋ ತಿಳಿಯದೆ ಪ್ರಶ್ನೆಗಳಿಗೆ ಉತ್ತರಿಸುತ್ತಾ ನಿಲ್ಲುವುದು ಎಂತಹ ಹಿಂಸೆ ಎಂಬುದು ಕುರ್ಚಿಯ ಆ ಬದಿಯಲ್ಲಿ ಕುಳಿತವರಿಗೆ ಗೊತ್ತಾಗಬೇಕು.

ಹಳೆಯ ಹೆಡ್‌ಸೆಟ್

ಒಪ್ಪುತ್ತೇನೆ, ಯಾವ ತಕರಾರೂ ಇಲ್ಲದೆ. ‘ವಾಹನಕ್ಕೆ ತಿಳಿಸಿದ್ದೇವೆ, ಈಗ ಕೇಳುವುದು ಅವರು ದಾರಿಯಲ್ಲಿರುವಾಗ ಸಿದ್ಧವಾಗಲು’ ಎಂಬ ಒಂದು ವಾಕ್ಯವನ್ನು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ತಪ್ಪದೆ ಹೇಳುತ್ತಿದ್ದರು. ಅವರ ಕರೆಗಳಲ್ಲಿ ಬೈಗುಳ ಬಹಳ ಕಡಿಮೆ ಇರುತ್ತಿತ್ತು. ಉಳಿದವರು ಮುಂದಿನ ಕರೆಯ ಅವಸರದಲ್ಲಿ ಅದನ್ನು ನುಂಗಿಬಿಡುತ್ತಿದ್ದೆವು. ನಾನೂ ನುಂಗಿದ್ದೇನೆ.

ಹಳ್ಳಿಯ ಆಶಾ (ತುರುವೇಕೆರೆ)

ಅಣ್ಣಾ, ನಾನು ಆಶಾ ಕಾರ್ಯಕರ್ತೆ. ಹೆರಿಗೆ, ಹಾವು ಕಡಿತ, ಮರದಿಂದ ಬಿದ್ದವರು ಎಂದು ತಿಂಗಳಿಗೆ ಹಲವು ಸಲ ಆಂಬುಲೆನ್ಸಿಗೆ ಕರೆ ಮಾಡುವವಳು. ಅವರು ಏನು ಕೇಳುತ್ತಾರೆ ಎಂಬುದು ನನಗೆ ಈಗ ಬಾಯಿಪಾಠವಾಗಿರುವುದರಿಂದ, ಕೇಳುವ ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ನಮ್ಮ ಜನ ಉಲ್ಟಾ ಹೇಳುತ್ತಾರೆ. ಮೊದಲು ಹುಣಸೆಮರ, ಆಮೇಲೆ ಶಾಲೆ, ಕಟ್ಟಕಡೆಗೆ ಊರಿನ ಹೆಸರು.

ಹೋಬಳಿಯ ಹೆಸರು ಬಹಳ ಮುಖ್ಯ ಎಂದು ನಾನು ಅನುಭವದಿಂದ ಕಲಿತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಹೊಸಹಳ್ಳಿಗಳು ಎಷ್ಟು, ಪಾಳ್ಯಗಳು ಎಷ್ಟು, ಗೊಲ್ಲರಹಟ್ಟಿಗಳು ಎಷ್ಟು ಎಂದು ಲೆಕ್ಕ ಇಡುವವರಾರು? ಸಿರಾ, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯಂತೂ ಊರಿಗೊಂದು ಗೊಲ್ಲರಹಟ್ಟಿ ಇದೆ ಎಂದರೂ ಸುಳ್ಳಾಗದು. ಊರಿನವರಿಗೆ ಅದು ಬರೀ ‘ಹಟ್ಟಿ’. ‘ದಂಡಿನಶಿವರ ಹೋಬಳಿ, ಇಂಥ ಊರಿನ ಗೊಲ್ಲರಹಟ್ಟಿ’ ಎಂದು ಪೂರ್ತಿ ಹೇಳಿದ ದಿನ ಎರಡನೆಯ ಪ್ರಶ್ನೆ ಬರುವುದಿಲ್ಲ. ಆ ಮೇಡಂ ‘ಯಾವ ಗೊಲ್ಲರಹಟ್ಟಿ’ ಎಂದು ಕೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ತೊಂದರೆಯನ್ನು ಯಾರೂ ಬರೆದಿಲ್ಲ. ಕರೆ ಮಾಡಿದ ಮೇಲೆ ಮನೆಯವರು ಅದೇ ಫೋನಿನಿಂದ ಅಕ್ಕನಿಗೆ, ಬಾವನಿಗೆ, ಬೆಂಗಳೂರಿನ ಮಗನಿಗೆ, ಊರಿನ ಅಧ್ಯಕ್ಷರಿಗೆ ಎಂದು ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತಾ ಕೂರುತ್ತಾರೆ. ಅತ್ತ ಪೈಲಟ್ ದಾರಿ ಕೇಳಲು ಹತ್ತು ಸಲ ಪ್ರಯತ್ನಿಸಿದರೂ ಲೈನ್ ಬಿಜಿ. ಕೊನೆಗೆ ಬಿಡುವಾಗಿ ಆತನ ಕರೆ ಹೋದರೆ, ಗೊತ್ತಿಲ್ಲದ ನಂಬರು ಎಂದು ತೆಗೆಯುವುದೇ ಇಲ್ಲ. ಮೋಸದ ಕರೆಗಳ ಕಾಲ, ಅವರನ್ನೂ ಬಯ್ಯುವಂತಿಲ್ಲ. ಹಾಗಾಗಿ ನಾನು ಮನೆಯವರಿಗೆ ಹೇಳುವುದು: ಕರೆ ಮಾಡಿದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನಿರಿ, ನೆಂಟರಿಗೆ ಬೇರೆ ಫೋನಿನಿಂದ ಹೇಳಿ, ಟಾರ್ಚ್ ಕೊಟ್ಟು ಒಬ್ಬ ಹುಡುಗನನ್ನು ಮುಖ್ಯರಸ್ತೆಗೆ ಕಳಿಸಿ.

ಹಾವು ಕಡಿತದಲ್ಲಿ ‘ಎಷ್ಟು ಹೊತ್ತಾಯಿತು, ಎಲ್ಲಿ ಕಡಿದಿದೆ, ಹಗ್ಗ ಬಿಗಿದಿದ್ದೀರಾ’ ಎಂದು ಕೇಳುತ್ತಾರೆ. ಜನ ‘ಯಾವ ಹಾವು’ ಎಂದು ಕೇಳುತ್ತಾರೆಂದು ಭಾವಿಸಿ ದೊಣ್ಣೆ ಹಿಡಿದು ಬದುವಿನಲ್ಲಿ ಹಾವು ಹುಡುಕಲು ಹೋಗುತ್ತಾರೆ. ಅದರ ಅಗತ್ಯವಿಲ್ಲ, ಆಸ್ಪತ್ರೆಯಲ್ಲಿ ಕೊಡುವ ಮದ್ದು ನಮ್ಮ ಕಡೆಯ ನಾಲ್ಕು ಮುಖ್ಯ ವಿಷದ ಹಾವುಗಳಿಗೂ ಸೇರಿ ತಯಾರಾಗಿರುವಂಥದು. ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಎರಡೂ ಬೇಡ.

ಹೆದ್ದಾರಿ48

ಅಕ್ಕ ಹೇಳಿದ್ದನ್ನು ಒಪ್ಪಿದೆ. ಆದರೆ ಹೆದ್ದಾರಿಯಲ್ಲಿ ಊರೂ ಇಲ್ಲ, ಹೋಬಳಿಯೂ ತಿಳಿದಿರುವುದಿಲ್ಲ. ಕಳೆದ ಮಳೆಗಾಲದಲ್ಲಿ ಕಳ್ಳಂಬೆಳ್ಳದ ಹತ್ತಿರ ಬೈಕ್ ಅಪಘಾತ ನೋಡಿ ನಾನು ಗಾಡಿ ನಿಲ್ಲಿಸಿ ಕರೆ ಮಾಡಿದಾಗ, ‘ಯಾವ ಬದಿ ಸರ್?’ ಎಂದು ಕೇಳಿದರು. ರಸ್ತೆಗೆ ಬದಿ ಏನು ಬಂತು ಎಂದು ನನಗೆ ಸಿಟ್ಟು ಬಂದಿತ್ತು. ನಾನು ಹೇಳುವ ಮೊದಲೇ ಇನ್ನೂ ಐದಾರು ಜನ ಕರೆ ಮಾಡಿದ್ದರಂತೆ. ಆದರೂ ನನ್ನನ್ನು ಅದೇ ಪ್ರಶ್ನೆ ಕೇಳಿದರು.

ಹಳೆಯ ಹೆಡ್‌ಸೆಟ್

ಬದಿ ಕೇಳುವುದಕ್ಕೆ ಕಾರಣವಿದೆ. ನಡುವೆ ವಿಭಜಕವಿರುವ ರಸ್ತೆಯಲ್ಲಿ ಬೆಂಗಳೂರಿನಿಂದ ಸಿರಾ ಕಡೆಗೆ ಹೋಗುವ ಬದಿಯೋ, ಸಿರಾದಿಂದ ಬೆಂಗಳೂರು ಕಡೆಗೆ ಬರುವ ಬದಿಯೋ ಎಂಬುದು ತಪ್ಪಿದರೆ, ವಾಹನವು ಗಾಯಾಳುವನ್ನು ಕಣ್ಣಾರೆ ಕಾಣುತ್ತಲೇ ಮುಂದೆ ಹೋಗಿ, ತಿರುವು ಸಿಗುವ ತನಕ ಕಿಲೋಮೀಟರುಗಟ್ಟಲೆ ಓಡಿ, ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ. ನೀವು ಎತ್ತ ಹೋಗುತ್ತಿದ್ದಿರಿ, ಯಾವ ಟೋಲ್ ದಾಟಿದಿರಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ ಎಂಬ ಮೂರು ಸಂಗತಿ ಸಾಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಎಂಬ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿಯೂ ಇದೆ.

ಒಂದೇ ಅಪಘಾತಕ್ಕೆ ಇಪ್ಪತ್ತು ಕರೆ ಬರುವುದು ಹೊಸದೇನಲ್ಲ. ಅವುಗಳಲ್ಲಿ ಪ್ರತಿಯೊಂದನ್ನೂ ತೆಗೆಯಲೇಬೇಕು, ಏಕೆಂದರೆ ಹತ್ತೊಂಬತ್ತು ಅದೇ ಅಪಘಾತದವು ಎಂದು ಗೊತ್ತಾಗುವುದು ಸ್ಥಳ ಕೇಳಿದ ಮೇಲೆಯೇ. ಇಪ್ಪತ್ತನೆಯದು ಅರ್ಧ ಕಿಲೋಮೀಟರ್ ಹಿಂದೆ ಆದ ಇನ್ನೊಂದು ಅಪಘಾತವಾಗಿರಬಹುದು. ಮಳೆಯ ದಿನ ಹಾಗೆ ಆಗುವುದುಂಟು.

ಹೆದ್ದಾರಿಯಲ್ಲಿ ಕರೆ ಮಾಡಲು ಜನ ಹಿಂಜರಿಯುವುದು ಪೊಲೀಸರ ಭಯದಿಂದ. ಆ ಭಯ ಈಗ ಕಾನೂನಿನಲ್ಲಿ ಉಳಿದಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಇವುಗಳ ಪ್ರಕಾರ ಸದ್ಭಾವನೆಯಿಂದ ನೆರವಾದವರನ್ನು ಸಾಕ್ಷಿ ಹೇಳಲೇಬೇಕೆಂದಾಗಲಿ, ಹೆಸರು ವಿಳಾಸ ಕೊಡಲೇಬೇಕೆಂದಾಗಲಿ ಒತ್ತಾಯಿಸುವಂತಿಲ್ಲ. ನಮ್ಮ ರಾಜ್ಯ ಇದಕ್ಕಾಗಿ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿದೆ. ಕರೆ ತೆಗೆದವರು ಹೆಸರು ಕೇಳಿದರೆ ಅದು ಮತ್ತೆ ಸಂಪರ್ಕಿಸುವುದಕ್ಕಾಗಿ.

ಗಡಿಯವನು (ಪಾವಗಡ)

ನಮ್ಮ ತಾಲ್ಲೂಕಿನ ಕಷ್ಟವೇ ಬೇರೆ. ಪಾವಗಡವು ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುತೇಕ ಆಂಧ್ರವೇ ಇರುವುದನ್ನು ನಕ್ಷೆ ನೋಡಿದವರೆಲ್ಲ ಬಲ್ಲರು. ಗಡಿಯ ಊರುಗಳಲ್ಲಿ ನಮ್ಮ ಫೋನುಗಳು ಒಮ್ಮೊಮ್ಮೆ ಆಚೆ ರಾಜ್ಯದ ಗೋಪುರವನ್ನು ಹಿಡಿಯುತ್ತವೆ. ನಾನು ಒಂದು ಸಲ ತುರ್ತು ಕರೆ ಮಾಡಿದಾಗ ಅತ್ತಲಿಂದ ತೆಲುಗಿನಲ್ಲಿ ಉತ್ತರ ಬಂತು. ನಮಗೆ ತೆಲುಗು ತೊಡಕಲ್ಲ, ಮನೆಮಾತೇ ಅದು. ಆದರೆ ಅವರ ವಾಹನ ಅವರ ಜಿಲ್ಲೆಯಲ್ಲಿ, ನಮ್ಮ ಊರು ಅವರ ಪಟ್ಟಿಯಲ್ಲಿಲ್ಲ. ‘ನಾನು ಕರ್ನಾಟಕದಲ್ಲಿದ್ದೇನೆ, ತುಮಕೂರು ಜಿಲ್ಲೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿದ್ದರೆ ಒಂದು ನಿಮಿಷ ಉಳಿಯುತ್ತಿತ್ತು ಎಂದು ಆಮೇಲೆ ಅನಿಸಿತು. ಬಾಗೇಪಲ್ಲಿ, ಗೌರಿಬಿದನೂರು, ಮುಳಬಾಗಿಲು ಕಡೆಯವರಿಗೂ ಇದು ಎದುರಾಗಬಹುದು ಎಂದು ಇಲ್ಲಿ ಬರೆದಿಟ್ಟೆ.

ನಿವೃತ್ತ ಮೇಷ್ಟ್ರು (ತಿಪಟೂರು)

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಸ್ವಲ್ಪ ಚರಿತ್ರೆ ಸೇರಿಸಲು ಅನುಮತಿ ಬೇಕು. ಮೇಷ್ಟ್ರ ಚಾಳಿ ಬಿಡುವುದಿಲ್ಲ.

ತುರ್ತಿಗೆ ಎಲ್ಲರಿಗೂ ನೆನಪಿರುವ ಪ್ರತ್ಯೇಕ ಸಂಖ್ಯೆ ಇರಬೇಕೆಂಬ ಕಲ್ಪನೆ ಹುಟ್ಟಿದ್ದೇ ಕರೆ ಕಾದು ನಿಂತ ಸಿಟ್ಟಿನಿಂದ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ತೀರಿಕೊಂಡರು. ಎದುರಿನ ಮನೆಯವರು ಅಗ್ನಿಶಾಮಕ ದಳಕ್ಕಾಗಿ ಫೋನ್ ಎತ್ತಿದಾಗ ಎಕ್ಸ್‌ಚೇಂಜಿನವರು ಅದನ್ನೂ ಉಳಿದ ಮಾಮೂಲು ಕರೆಗಳ ಸರದಿಯಲ್ಲೇ ನಿಲ್ಲಿಸಿದ್ದರು. ಅವರು ಪತ್ರಿಕೆಗೆ ಪತ್ರ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು 999 ಶುರುವಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರ ಫೆಬ್ರುವರಿಯಲ್ಲಿ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಕರೆ ತೆಗೆದವರು ಗೊತ್ತುಪಡಿಸಿದ ಪ್ರಶ್ನೆಗಳನ್ನೇ ಕೇಳಬೇಕೆಂಬ ಪದ್ಧತಿ ಅದಕ್ಕಿಂತಲೂ ಹೊಸದು. 1970ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ಜೆಫ್ ಕ್ಲಾಸನ್ ಎಂಬ ವೈದ್ಯರು ಎದೆನೋವಿಗೆ ಇಂಥ ಪ್ರಶ್ನೆ, ಬಿದ್ದವರಿಗೆ ಇಂಥ ಪ್ರಶ್ನೆ ಎಂದು ಕಾರ್ಡುಗಳನ್ನು ಬರೆದು ಕೊಟ್ಟರು. ತೋಟದಮನೆಯವರ ಮೇಲೆ ಬಿದ್ದ ಪ್ರಶ್ನೆಗಳ ವಂಶಾವಳಿ ಇದು.

ನಮ್ಮಲ್ಲಿ 112 ಬಂದದ್ದು 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ದುರಂತದ ನಂತರ. ನ್ಯಾಯಮೂರ್ತಿ ವರ್ಮಾ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ರೂಪುಗೊಂಡು, 2018ರ ನವೆಂಬರ್‌ನಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ ಜಾರಿಯಾಗಿ, ಆಮೇಲೆ ಉಳಿದ ರಾಜ್ಯಗಳಿಗೆ ಹರಡಿತು. 100, 101, 108 ಎಂದು ಬಿಡಿಬಿಡಿಯಾಗಿ ಇದ್ದುದನ್ನು ಒಂದೇ ಬಾಗಿಲಿಗೆ ತರುವುದು ಅದರ ಉದ್ದೇಶ. ಆದರೆ ಹಳೆಯ ಬಾಗಿಲುಗಳೂ ತೆರೆದೇ ಇವೆ. ಜನರಿಗೆ ಗೊಂದಲವಾಗುವುದು ಸಹಜ ಎಂದು ನನಗನಿಸುತ್ತದೆ. ಅದನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ.

ಒಂದು ಪ್ರಶ್ನೆ ನನ್ನದೂ ಇದೆ. ನನ್ನ ಮೊಮ್ಮಗ ನನ್ನ ಫೋನಿನ ಬದಿಯ ಗುಂಡಿಯನ್ನು ಟಕಟಕ ಒತ್ತಿ 112ಕ್ಕೆ ಕರೆ ಹೋಗಿಬಿಟ್ಟಿತು. ಹೆದರಿ ಕಟ್ ಮಾಡಿದೆ. ಅವರು ಮತ್ತೆ ಕರೆ ಮಾಡಿದರು, ನಾನು ತೆಗೆಯಲಿಲ್ಲ. ಕೇಸು ಹಾಕುತ್ತಾರೆಯೇ?

ಹಳೆಯ ಹೆಡ್‌ಸೆಟ್

ಮೇಷ್ಟ್ರೇ, ಕೇಸು ಹಾಕುವುದಿಲ್ಲ, ನಿಶ್ಚಿಂತೆಯಿಂದಿರಿ. ಅಪಾಯದ ಗುಂಡಿ ಇಲ್ಲದ ಮೊಬೈಲನ್ನು 2017ರ ಜನವರಿಯಿಂದ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಬಾರಿ, ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ಕರೆ ಹೋಗುವಂತೆ. ಜೇಬಿನಲ್ಲಿ, ಮಕ್ಕಳ ಕೈಯಲ್ಲಿ ಅದು ಒತ್ತಿಹೋಗುವುದು ನಿತ್ಯದ ಸಂಗತಿ. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಪೊಲೀಸರನ್ನು ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಇದೆ. ಮೊಮ್ಮಗನ ಬೆರಳಿಗೆ ಅದು ಅನ್ವಯಿಸುವುದಿಲ್ಲ.

ಆದರೆ ಕಟ್ ಮಾಡಿದ್ದು ತಪ್ಪಾಯಿತು. ಮಾತಿಲ್ಲದೆ ಕಡಿದ ಕರೆಯನ್ನು ‘ಮಗು ಒತ್ತಿದ್ದು’ ಎಂದು ನಾವಾಗಿಯೇ ಊಹಿಸುವಂತಿಲ್ಲ. ಗಂಡನಿಂದ ಪೆಟ್ಟು ತಿನ್ನುತ್ತಾ ಮಾತನಾಡಲಾಗದ ಹೆಣ್ಣುಮಗಳ ಕರೆಯೂ ಹಾಗೆಯೇ ಇರುತ್ತದೆ. ಅದಕ್ಕಾಗಿ ತಿರುಗಿ ಕರೆ ಮಾಡುತ್ತಾರೆ. ತೆಗೆದು, ‘ತಪ್ಪಿ ಹೋಯಿತು, ಇಲ್ಲಿ ಎಲ್ಲ ಕ್ಷೇಮ’ ಎಂದರೆ ಐದು ಸೆಕೆಂಡಿನಲ್ಲಿ ಮುಗಿಯುತ್ತದೆ. ನೀವು ತೆಗೆಯದಿದ್ದರೆ ಇನ್ನೊಮ್ಮೆ ಮಾಡುತ್ತಾರೆ, ಆ ಹೊತ್ತಿಗೆ ಇನ್ನೊಬ್ಬರ ಕರೆ ಸರದಿಯಲ್ಲಿ ನಿಂತಿರುತ್ತದೆ. ನನ್ನ ಪಾಳಿಗಳಲ್ಲಿ ಇಂತಹ ಮಾತಿಲ್ಲದ ಕರೆಗಳೇ ಹೆಚ್ಚು ಹೊತ್ತನ್ನು ತಿನ್ನುತ್ತಿದ್ದವು, ಬೈಗುಳದ ಕರೆಗಳಲ್ಲ. ಕರೆಂಟ್ ಹೋಗಿದೆ ಎಂದು ಕರೆ ಮಾಡುವವರೂ ಇದ್ದರು. ಅದಕ್ಕೆ 1912 ಇದೆ. ಹಣ ಕಳೆದುಕೊಂಡ ಆನ್‌ಲೈನ್ ವಂಚನೆಗೆ 1930.

ಹೊಸ್ತಿಲು (ಕುಣಿಗಲ್)

ಮಾತನಾಡಲಾಗದ ಹೆಣ್ಣುಮಗಳ ವಿಷಯ ಬಂದದ್ದರಿಂದ ಕೇಳುತ್ತಿದ್ದೇನೆ. ಪಕ್ಕದಲ್ಲೇ ಹೊಡೆಯುವವನು ನಿಂತಿರುವಾಗ ಪ್ರಶ್ನೆಗಳಿಗೆ ಉತ್ತರ ಕೊಡುವುದು ಹೇಗೆ?

ಹಳೆಯ ಹೆಡ್‌ಸೆಟ್

ಬ್ರಿಟನ್ನಿನಲ್ಲಿ ಮೊಬೈಲಿನಿಂದ ಕರೆ ಮಾಡಿ ಮಾತನಾಡಲಾಗದವರು, ಧ್ವನಿ ಸೂಚಿಸಿದಾಗ 55 ಒತ್ತಿದರೆ ಕರೆ ಪೊಲೀಸರಿಗೆ ವರ್ಗವಾಗುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು 112 ಇಂಡಿಯಾ ಆ್ಯಪ್. ಅದರ ಗುಂಡಿ ಒತ್ತಿದರೆ ಫೋನು ಗುರುತಿಸಿದ ಜಾಗವೂ ಜೊತೆಗೆ ಹೋಗುತ್ತದೆ. ಆ್ಯಪ್ ಇಲ್ಲದಿದ್ದರೆ ಕರೆ ಮಾಡಿ, ಕಡಿಯದೆ ಹಾಗೆಯೇ ಇಡಿ. ಅನುಭವಿ ಕಿವಿಗಳಿಗೆ ಹಿನ್ನೆಲೆಯ ಸದ್ದು ಬಹಳಷ್ಟನ್ನು ಹೇಳುತ್ತದೆ. ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರಿಸಲು ಸಾಧ್ಯವೇ ಎಂದು ನಾನು ಕೇಳುತ್ತಿದ್ದೆ. ಒಮ್ಮೆ ಒಬ್ಬಾಕೆ ಹಾಲಿನವನ ಜೊತೆ ಲೆಕ್ಕ ಮಾತನಾಡುವಂತೆ ನಟಿಸುತ್ತಲೇ ಮನೆ ಎಲ್ಲಿದೆ ಎಂಬುದನ್ನು ಪೂರ್ತಿ ತಿಳಿಸಿದ್ದರು.

ಹೆದ್ದಾರಿ48

ಕೊನೆಯದಾಗಿ ನನ್ನ ಹಳೆಯ ಹಟ. ಇಷ್ಟೆಲ್ಲ ಕೇಳಿದ ಮೇಲೂ, ಪರಿಚಯದ ಖಾಸಗಿ ಆಂಬುಲೆನ್ಸಿಗೆ ಫೋನ್ ಮಾಡಿ ನೇರವಾಗಿ ಬೆಂಗಳೂರಿಗೆ ಹೋಗುವುದು ಒಳ್ಳೆಯದಲ್ಲವೇ? ಸರ್ಕಾರದ ವಾಹನ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಕರೆದೊಯ್ಯುತ್ತದೆ, ನಾವು ಹೇಳಿದ ಕಡೆಗೆ ಬರುವುದಿಲ್ಲ.

ತೋಟದಮನೆ

ಇದಕ್ಕೆ ನಾನೇ ಉತ್ತರಿಸಬಲ್ಲೆ, ಅಣ್ಣಾ, ಏಕೆಂದರೆ ಆ ರಾತ್ರಿ ನಾನೂ ಇದೇ ಹಟ ಹಿಡಿದಿದ್ದೆ. ಅಪ್ಪನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು; ನಾನು ಫೋನಿನಲ್ಲೇ ‘ಬೆಂಗಳೂರಿಗೆ ಹೋಗಿ’ ಎಂದು ಜಗಳವಾಡಿದೆ. ಅಲ್ಲಿ ಇಸಿಜಿ ತೆಗೆದು, ಅದನ್ನು ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಕಳಿಸಿ, ಅವರು ಹೇಳಿದ ಮೇಲೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಆ ಮದ್ದು ಉಚಿತ ಎಂಬುದೂ ನನಗೆ ಅಲ್ಲಿಯೇ ತಿಳಿದದ್ದು. ಬೆಂಗಳೂರಿಗೆ ಕಳಿಸಿದ್ದು ಅದಾದ ಮೇಲೆ. ಮೊದಲೇ ಹೊರಟಿದ್ದರೆ ಆ ಚುಚ್ಚುಮದ್ದು ಸಿಗಬೇಕಿದ್ದ ಹೊತ್ತಿನಲ್ಲಿ ನಾವು ನೆಲಮಂಗಲದ ಟ್ರಾಫಿಕ್ಕಿನಲ್ಲಿ ಇರುತ್ತಿದ್ದೆವು ಎಂದು ಅಲ್ಲಿಯ ವೈದ್ಯರು ನಗುತ್ತಲೇ ಹೇಳಿದರು.

ಹೆದ್ದಾರಿ48

ಸರಿ. ಈ ಒಂದು ವಿಷಯದಲ್ಲಿ ಸೋಲೊಪ್ಪಿಕೊಂಡೆ. ಭೂಗೋಳದ ವಿಷಯದಲ್ಲಿ ಇನ್ನೂ ಇಲ್ಲ. ರಾಜ್ಯಕ್ಕೆಲ್ಲ ಒಂದೇ ಕಡೆ ಕರೆ ಸೇರುವುದರಲ್ಲಿ ಬೇರೆ ಅಪಾಯವೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಂದರೆಯಿಂದ ಆಂಬುಲೆನ್ಸ್ ಕರೆಗಳೇ ಸರಿಯಾಗಿ ಸೇರದೆ ಇಡೀ ರಾಜ್ಯ ಪರದಾಡಿದ್ದನ್ನು ಮರೆಯುವಂತಿಲ್ಲ. ಜಿಲ್ಲೆಗೊಂದು ಕಿವಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಹಳೆಯ ಹೆಡ್‌ಸೆಟ್

ಅದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಒಂದೇ ಕಡೆ ಇದ್ದರೆ ತರಬೇತಿ ಸುಲಭ, ರಾತ್ರಿ ಪಾಳಿಗೆ ಜನ ಸಿಗುತ್ತಾರೆ, ತಾಲ್ಲೂಕಿನ ಗಡಿಯಲ್ಲಿ ‘ನಮ್ಮದಲ್ಲ, ನಿಮ್ಮದು’ ಎಂಬ ಮಾತು ಬರುವುದಿಲ್ಲ. ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ ಎಂಬುದೂ ಅಷ್ಟೇ ನಿಜ. ಪರ್ಯಾಯವಾಗಿ ನಿಮ್ಮ ತಾಲ್ಲೂಕು ಆಸ್ಪತ್ರೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದನ್ನು ನಾನು ಬೇಡವೆನ್ನುವುದಿಲ್ಲ. ಅದು ಎರಡನೆಯ ಕರೆಯಾಗಿರಲಿ, ಮೊದಲನೆಯದಲ್ಲ.

ತೋಟದಮನೆ

ಭಾನುವಾರ ಊರಿಗೆ ಹೋಗಿದ್ದೆ. ಆಶಾ ಅಕ್ಕ ಹೇಳಿದಂತೆ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಹಟ್ಟಿಯ ಪೂರ್ಣ ಹೆಸರು, ತೋಟದ ದಾರಿಯ ಶುರುವಿನಲ್ಲಿರುವ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ಸಂಖ್ಯೆ, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಇನ್ನು ಮುಂದೆ ನನಗೆ ಫೋನ್ ಮಾಡುವ ಮೊದಲು ನೀನೇ 112 ಒತ್ತು ಎಂದು ಅಮ್ಮನಿಗೆ ಹೇಳಿದೆ. ಒಮ್ಮೆ ಓದಿ ತೋರಿಸು ಎಂದಾಗ ಅಮ್ಮ ಪೂರ್ತಿ ಓದಿ, ‘ಇಷ್ಟುದ್ದ ಯಾಕೋ, ಸುಬ್ಬಣ್ಣನ ಬೋರ್‌ವೆಲ್ ಹಿಂದೆ ಅಂದ್ರೆ ಸಾಕಲ್ವೇನೋ’ ಎಂದರು.

ಹಳ್ಳಿಯ ಆಶಾ

ಅಣ್ಣಾ, ಅದನ್ನೂ ಕೊನೆಯಲ್ಲಿ ಸೇರಿಸಿ. ಗಾಡಿ ಊರೊಳಗೆ ಬಂದ ಮೇಲೆ ಪೈಲಟ್ ಕೇಳುವುದು ಅದನ್ನೇ.